ಜಿಪಿ (ಮನೆ ಹತ್ತಿರದ ಸಾಮಾನ್ಯ ವೈದ್ಯರು) ಚೀಟಿ ಇಲ್ಲದೆ ಮನಸ್ಸಿನ ಚಿಕಿತ್ಸೆಗೆ ಆನ್‌ಲೈನಲ್ಲಿ ಹೆಸರು ಕೊಡಬಹುದಾ? (ಇಂಗ್ಲೆಂಡ್)

ಲೀಡ್ಸ್_ಕನ್ನಡತಿ:
ನಮ್ಮ ಅತ್ತಿಗೆ ಇಲ್ಲಿಗೆ ಬಂದ ಮೇಲೆ ತುಂಬಾ ಆತಂಕದಲ್ಲಿದ್ದಾರೆ, ರಾತ್ರಿ ನಿದ್ದೆಯಿಲ್ಲ. ಜಿಪಿ ಮುಂದೆ ಕೂತು ಹೇಳಲು ಸಂಕೋಚ. ಆನ್‌ಲೈನಲ್ಲಿ ಅವರೇ ಹೆಸರು ಕೊಟ್ಟರೆ ನಿಜವಾಗಿ ಉಪಯೋಗ ಇದೆಯಾ, ಅಥವಾ ಸುಮ್ನೆ ಫಾರಂ ತುಂಬಿಸಿಕೊಳ್ಳುತ್ತಾರಾ?

ಮಳೆಬಿಲ್ಲು:
ಖಂಡಿತ ಕೊಡಬಹುದು. ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅಂತ ಹುಡುಕಿ, ಇದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಮಾತಿನ ಚಿಕಿತ್ಸೆ. ಆತಂಕ, ಖಿನ್ನತೆಗೆ ಉಚಿತ, ಜಿಪಿಯಲ್ಲಿ ನೋಂದಣಿ ಆಗಿದ್ದರೆ ಸಾಕು. ಕಳೆದ ಎರಡು ವಾರ ನಿದ್ದೆ, ಹಸಿವು, ಚಿಂತೆ ಹೇಗಿತ್ತು ಅಂತ ಕೇಳುತ್ತಾರೆ, ಆಮೇಲೆ ಸಾಮಾನ್ಯವಾಗಿ ಫೋನಿನಲ್ಲಿ ಮಾತಾಡುತ್ತಾರೆ. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕು ಅಂತ ಮೊದಲೇ ಬರೆಯಿರಿ, ಇದನ್ನು ಬಿಡಬೇಡಿ.

ಕಾವೇರಿ_ತೀರ:
ಉಪಯೋಗ ಇದೆ ಅನ್ನಲು ಆಧಾರವೂ ಇದೆ. 2024ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇಂಗ್ಲೆಂಡಿನ 28 ಸೇವೆಗಳನ್ನು ನೋಡಿತು. ಚಾಟ್‌ಬಾಟ್ (ಚಾಟ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂ) ಮೂಲಕ ತಾವೇ ಹೆಸರು ಕೊಡಲು ಬಿಟ್ಟ ಕಡೆ ಬರುವವರು ಶೇ. 15 ಜಾಸ್ತಿ ಆದರು, ಉಳಿದ ಕಡೆ ಶೇ. 6. ಏರಿಕೆ ಜಾಸ್ತಿ ಕಂಡದ್ದು ಅಲ್ಪಸಂಖ್ಯಾತ ಜನಾಂಗದವರಲ್ಲಿ, ಗಂಡು-ಹೆಣ್ಣು ಎರಡರಲ್ಲೂ ತಮ್ಮನ್ನು ಗುರುತಿಸಿಕೊಳ್ಳದವರಲ್ಲಿ. ಎದುರಿಗೆ ಮನುಷ್ಯ ಇಲ್ಲದಿದ್ದಾಗ ನಾಚಿಕೆ ಕಡಿಮೆ, ಅಲ್ವಾ?

ಹಳೇಬೇರು:
ಒಪ್ಪುತ್ತೇನೆ, ಆದರೆ ಬಾಗಿಲು ಅಗಲವಾದರೂ ಒಳಗೆ ಥೆರಪಿಸ್ಟ್‌ಗಳು ಸಾಕಷ್ಟು ಇರಬೇಕು, ಫಾರಂ ಹಾಕಿದ ಮೇಲೂ ಕಾಯಬೇಕಾಗಬಹುದು. ಜೀವ ಬೇಡ ಅನ್ನುವ ಮಾತು ಬಂದರೆ ಫಾರಂ ಬಿಡಿ, ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ 2 ಒತ್ತಿ, ಪ್ರಾಣಕ್ಕೆ ಅಪಾಯ ಅನ್ನಿಸಿದರೆ 999. ಊರಲ್ಲಿ (ಭಾರತದಲ್ಲಿ) ಇರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು.

ಲೀಡ್ಸ್_ಕನ್ನಡತಿ:
ಇವತ್ತೇ ಅತ್ತಿಗೆ ಜೊತೆ ಕೂತು ತುಂಬುತ್ತೇವೆ. ದುಭಾಷಿ ಬದಲು ನಾನೇ ಕೂತರೆ ಆಗುತ್ತದಾ?

ಮಳೆಬಿಲ್ಲು:
ಬೇಡ. ಮನೆಯವರ ಮುಂದೆ ಅವರು ಎಲ್ಲ ಹೇಳಲಾರರು.