ಬಾಲ್ಕನಿಯಲ್ಲಿ ಸಾವಯವ ತರಕಾರಿ: ಮೊದಲು ಏನು ಬಿತ್ತಲಿ?

ಕೇಳಿದವರು, ಬೆಂಗಳೂರು: ಎರಡನೇ ಮಹಡಿಯ ಬಾಡಿಗೆ ಮನೆ. ಬಾಲ್ಕನಿಗೆ ಬೆಳಗ್ಗೆ 8ರಿಂದ 12ರ ತನಕ ಬಿಸಿಲು ಬರುತ್ತದೆ. ರಾಸಾಯನಿಕ ಹಾಕದೆ ತರಕಾರಿ ಬೆಳೆಯುವ ಆಸೆ. ಹೋದ ವರ್ಷ ಟೊಮೆಟೊ ಹಾಕಿದ್ದೆ, ಎಲೆಯೆಲ್ಲ ಮುದುಡಿ ಗಿಡ ಹಾಳಾಯಿತು. ಈ ಸಲ ಎಲ್ಲಿಂದ ಶುರು ಮಾಡಲಿ?

ಮೈಸೂರಿನಿಂದ: ಟೊಮೆಟೊ ಸದ್ಯಕ್ಕೆ ಬಿಡಿ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನಿಮ್ಮ ನಾಲ್ಕು ಗಂಟೆ ಸೊಪ್ಪಿಗೆ ಸಾಕು. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ದಿನದ ಒಳಗೆ ಪಲ್ಯ! ಪುದೀನ ಇನ್ನೂ ಸುಲಭ. ಮಾರ್ಕೆಟ್ಟಿನ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ ನೀರಿನಲ್ಲಿಡಿ, ಬೇರು ಬಂದ ಮೇಲೆ ನೆಡಿ.

ಕೊತ್ತಂಬರಿ ಮಾತ್ರ ತಾಳ್ಮೆ ಕೇಳುತ್ತದೆ. ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ, ಎರಡು ಹೋಳು ಮಾಡಿ ಬಿತ್ತಬೇಕು. ನಾನು ಮೊದಲ ಸಲ ಒಂದು ವಾರ ಕಾದು, ಇದು ಬರಲ್ಲ ಅಂದುಕೊಂಡು ಅದೇ ಕುಂಡಕ್ಕೆ ಮೆಂತ್ಯ ಚೆಲ್ಲಿದೆ. ಎರಡೂ ಒಟ್ಟಿಗೆ ಎದ್ದವು. ಆ ವಾರ ನಮ್ಮನೆಯಲ್ಲಿ ಎಂಥದೋ ಒಂದು ಮಿಶ್ರ ಸಾರು.

ಬೆಂಗಳೂರಿನಿಂದಲೇ: ಬೀಜಕ್ಕಿಂತ ಮೊದಲು ಮಣ್ಣು ನೋಡಿಕೊಳ್ಳಿ. ಬರೀ ಕೆಮ್ಮಣ್ಣು ತುಂಬಿದರೆ ಎರಡು ತಿಂಗಳಿಗೆ ಇಟ್ಟಿಗೆ. ನಾನು ಹಾಕುವುದು ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್ ಸಮ ಸಮ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರಬಹುದು, ನೆನೆಸಿ ಎರಡು ಸಲ ನೀರು ಬಸಿಯಿರಿ.

ಗೊಬ್ಬರ ಕೊಳ್ಳಬೇಡಿ ಅನ್ನುವುದಿಲ್ಲ, ಆದರೆ ಮನೆಯಲ್ಲೂ ಒಂದು ತೂತಿನ ಬಕೆಟ್ ಇಡಿ. ತರಕಾರಿ ಸಿಪ್ಪೆ ಒಂದು ಪದರ, ಅದರ ಮೇಲೆ ಒಣಗಿದ ಎಲೆ ದಪ್ಪಗೆ. ವಾಸನೆ ಬಂದರೆ ಒಣ ಎಲೆ ಕಡಿಮೆ ಆಗಿದೆ ಎಂದರ್ಥ. ನಾನು ಬುದ್ಧಿವಂತಿಕೆ ಮಾಡಿ ಉಳಿದ ಸಾಂಬಾರ್ ಸುರಿದಿದ್ದೆ. ನಾಲ್ಕನೇ ದಿನ ಬಿಳಿ ಹುಳುಗಳು ಸಾಲಾಗಿ ಪಕ್ಕದ ಮನೆಯ ಬಾಗಿಲಿಗೆ ಹೊರಟಿದ್ದವು. ಬೇಯಿಸಿದ್ದು, ಎಣ್ಣೆಯದ್ದು ಹಾಕಲೇಬೇಡಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು.

ಕುಂಡದ ಅಡಿಗೆ ತಟ್ಟೆ ಇಡುವುದು ಮರೆಯಬೇಡಿ. ಕೆಳಗಿನ ಮನೆಯವರ ಒಗೆದ ಬಟ್ಟೆ ನೆನಪಿರಲಿ.

ಉಡುಪಿ ಕಡೆಯಿಂದ: ಬಸಳೆಯನ್ನು ಯಾರೂ ಹೇಳಲೇ ಇಲ್ವಲ್ಲ! ಗೇಣುದ್ದದ ಬಳ್ಳಿ ತುಂಡು ಚುಚ್ಚಿ, ಬಾಲ್ಕನಿ ಸರಳಿಗೆ ಹಬ್ಬಿಸಿ. ನಮ್ಮಲ್ಲಿ ಮಳೆಗಾಲಕ್ಕೆ ಕುಂಡದ ಸತ್ವವೆಲ್ಲ ತೊಳೆದುಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಗೊಬ್ಬರ ಕೊಡುತ್ತೇವೆ. ನಿಮಗೆ ಅಷ್ಟು ಬೇಡ.

ತುಮಕೂರಿನಿಂದ: ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಕೊಳೆಸಿದ ಗೊಬ್ಬರದ ನೀರು, ಮಾಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಹೊಲದಲ್ಲಿ ನಾನೂ ಮಾಡುತ್ತೇನೆ. ಆದರೆ ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ ಅಳತೆ ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ. ಐದು ಕುಂಡಕ್ಕೆ ಅದರ ಗೋಜು ಯಾಕೆ? ಅಪಾರ್ಟ್‌ಮೆಂಟಿನಲ್ಲಿ ಗಂಜಲ ಕೊಳೆಹಾಕಿದರೆ ನೆಂಟರು ಬಾಗಿಲಲ್ಲೇ ನಿಲ್ಲುತ್ತಾರೆ. ಒಳ್ಳೆ ಕಾಂಪೋಸ್ಟ್ ಸಾಕು.

ನಿಮ್ಮ ಟೊಮೆಟೊಗೆ ಬಂದದ್ದು ಬಹುಶಃ ಎಲೆ ಮುಟುರು ರೋಗ. ಬಿಳಿನೊಣ ಹರಡುವ ವೈರಸ್. ಬಂದ ಮೇಲೆ ಮದ್ದಿಲ್ಲ, ಗಿಡ ಕಿತ್ತು ಬಿಸಾಡಬೇಕು. ಮುಂದೆ ಬಿಸಿಲಿನ ಜಾಗ ಸಿಕ್ಕಿದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಟೊಮೆಟೊ ಹಾಕಿ, ಇದನ್ನು ಸೇರಿಸಿ ಮೂರು ರೋಗ ತಡೆದುಕೊಳ್ಳುವ ತಳಿ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಡಬೇಡಿ, ಮುಂದಿನ ಗಿಡ ಅದೇ ಗುಣದ್ದು ಬರುವುದಿಲ್ಲ. ಗಿಡದ ಹೇನು, ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು. ಸಂಜೆ ಹೊತ್ತು ಸಿಂಪಡಿಸಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಕೇಳಿದವರು, ಹತ್ತು ದಿನದ ನಂತರ: ಮೆಂತ್ಯ ಎರಡಿಂಚು ಬಂದಿತ್ತು. ಇವತ್ತು ಬೆಳಗ್ಗೆ ಪಾರಿವಾಳ ಅರ್ಧ ತಿಂದುಹೋಗಿದೆ.

ಮೈಸೂರಿನಿಂದ: ಹಳೇ ತರಕಾರಿ ಬುಟ್ಟಿ ಇದೆಯಾ, ತೂತಿರುವ ಪ್ಲಾಸ್ಟಿಕ್‌ನದ್ದು? ಬೋರಲು ಹಾಕಿ, ಮೇಲೊಂದು ಕಲ್ಲಿಡಿ. ಖಾಲಿ ಆದ ಜಾಗಕ್ಕೆ ಇವತ್ತೇ ಇನ್ನೊಂದು ಹಿಡಿ ನೆನೆಹಾಕಿ.