ಅಮ್ಮನ ನಿದ್ದೆಗೆ ಕಿವಿಗೆ ಸಿಕ್ಕಿಸುವ ಕರೆಂಟ್ ಕ್ಲಿಪ್: ಬಳಸಿದವರು ದಯವಿಟ್ಟು ಹೇಳಿ

ಅಮ್ಮನಿಗೆ 72 ವರ್ಷ. ಅಪ್ಪ ಹೋದಮೇಲೆ ರಾತ್ರಿ ಎರಡಕ್ಕೇ ಎಚ್ಚರವಾಗುತ್ತೆ, ಎದೆ ಡವಡವ ಅನ್ನುತ್ತೆ, ಬೆಳಗಾಗುವವರೆಗೂ ಹೊರಳಾಡುತ್ತಾರೆ. ಗಾಬರಿ ಕಡಿಮೆ ಮಾಡುವ ಆಲ್ಪ್ರಜೋಲಾಮ್ ಮಾತ್ರೆ ತಗೊಂಡರೆ ಬೆಳಗ್ಗೆ ತೂರಾಡುತ್ತಾರೆ. ಮೆದುಳಿನಿಂದ ಎದೆ, ಹೊಟ್ಟೆಗೆ ಹೋಗುವ ವೇಗಸ್ ನರಕ್ಕೆ ಕಿವಿಯಿಂದ ಸಣ್ಣ ಕರೆಂಟ್ ಕೊಡುವ ಯಂತ್ರ ತರಿಸಬಹುದಾ?

ಧಾರವಾಡದಿಂದ:
ನಮ್ಮ ಅತ್ತಿಯವರಿಗೆ ಡಾಕ್ಟರ್ ಹೇಳಿದ ಮ್ಯಾಲೆ ತಂದ್ವಿ. ಕಿವಿ ತೂತಿನ ಮುಂದ ಸಣ್ಣ ಗುಬ್ಬಿ ಇರತೈತಲ್ಲ, ಅಲ್ಲಿ ಕ್ಲಿಪ್. ಮೊದಲ ಒದ್ದಿ ಹತ್ತಿಲೆ ಎಣ್ಣಿ ಒರಸಬೇಕು, ಇಲ್ಲಾಂದ್ರ ಚುಚ್ಚತೈತಿ. ಜುಮ್ಮ್ ಅನ್ನೂತನಕಾ ಏರಿಸಿ, ಒಂದ ಹಂತ ಇಳಸ್ತೀವಿ. ಗಾಬರಿ ಕಡಿಮಿ ಆಗೇತಿ. ನಿದ್ದಿ ಅಷ್ಟೇನೂ ಸುಧಾರಿಸಿಲ್ಲ.

ಬೆಂಗಳೂರಿನಿಂದ, ನರ್ಸ್:
ದುಡ್ಡು ಕೊಡುವ ಮುಂಚೆ ಕ್ಲಿಪ್ ಎಲ್ಲಿ ಕೂರುತ್ತೆ ನೋಡಿ. ಕಿವಿಯ ಹಾಲೆಗೆ ಸಿಕ್ಕಿಸುವುದು ಸಾಮಾನ್ಯವಾಗಿ ಸಿಇಎಸ್ ಯಂತ್ರ, ತಲೆಯ ಮೂಲಕ ಕರೆಂಟ್ ಹಾಯಿಸುವಂಥದ್ದು. ಔಷಧಿ, ವೈದ್ಯಕೀಯ ಯಂತ್ರಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎ 2019ರಲ್ಲಿ ಆತಂಕ ಮತ್ತು ನಿದ್ರಾಹೀನತೆಗೆ ಮಧ್ಯಮ ಅಪಾಯದ ವರ್ಗಕ್ಕೆ ಸೇರಿಸಿದ್ದು ಇದನ್ನೇ. ವೇಗಸ್ ನರದ ಕವಲು ಇರುವುದು ಕಿವಿಯ ಒಳಗುಳಿಯಲ್ಲಿ ಮತ್ತು ಆ ಗುಬ್ಬಿಯ ಹತ್ತಿರ. ವೇಗಸ್ ಅಧ್ಯಯನಗಳಲ್ಲಿ ಹಾಲೆಗೆ ಕರೆಂಟ್ ಕೊಡುವುದು ಹೋಲಿಕೆಗೆ ಬೇಕಾದ ಹುಸಿ ಚಿಕಿತ್ಸೆಗಾಗಿ! ಎರಡನ್ನೂ ಒಂದೇ ಅಂತ ಮಾರುವವರಿದ್ದಾರೆ, ಹುಷಾರು.

ಎದೆ ಡವಡವ ಅಂದಿರಿ. ಹಾಗಾದರೆ ಮೊದಲು ಇಸಿಜಿ, ಥೈರಾಯ್ಡ್ ಪರೀಕ್ಷೆ ಆಗಲಿ. ವೇಗಸ್ ನರ ಹೃದಯದ ಬಡಿತವನ್ನು ನಿಧಾನ ಮಾಡುವ ನರ. ಪೇಸ್‌ಮೇಕರ್ ಇದ್ದರೆ ಅಥವಾ ನಾಡಿ ಮೊದಲೇ ನಿಧಾನವಿದ್ದರೆ ಹೃದಯದ ಡಾಕ್ಟರನ್ನು ಕೇಳದೆ ಯಂತ್ರ ಮುಟ್ಟಲೇಬೇಡಿ. ಆಲ್ಪ್ರಜೋಲಾಮನ್ನೂ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರೇ ಸ್ವಲ್ಪಸ್ವಲ್ಪ ಇಳಿಸಬೇಕು.

ಮೈಸೂರಿನಿಂದ:
ನಮ್ಮ ತಂದೆಗೆ ಕೆಲಸ ಮಾಡಿದ್ದು ಯಂತ್ರವಲ್ಲ, ಸಿಬಿಟಿ-ಐ, ಅಂದರೆ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ, ಮಾತ್ರೆಯಿಲ್ಲದ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಇದೇ ಆಗಬೇಕೆಂದು ಅಲ್ಲಿನ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರುವುದು, ಎಷ್ಟೇ ಕೆಟ್ಟ ರಾತ್ರಿಯಾಗಿರಲಿ ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು. ಮಧ್ಯಾಹ್ನದ ನಿದ್ದೆ ಬಿಡಿಸುವುದಕ್ಕೇ ನಮಗೆ ಸಾಕುಸಾಕಾಯಿತು. ಆದರೆ ಆಮೇಲೇ ರಾತ್ರಿ ನಿದ್ದೆ ಹತ್ತಿದ್ದು. ವಯಸ್ಸಾದವರು ಬೀಳದಂತೆ ಹಾಸಿಗೆ ಪಕ್ಕ ದೀಪ ಇರಲಿ. ನಿಮ್ಮ ಅಪ್ಪನ ಅಗಲಿಕೆಯ ದುಃಖವನ್ನೂ ಅಮ್ಮ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಬೆಂಗಳೂರಿನಿಂದ, ನರ್ಸ್:
ಕೇಳುವುದು ಬಿಟ್ಟುಹೋಯಿತು. ಅಮ್ಮ ಬಿಪಿಗೆ ಯಾವ ಮಾತ್ರೆ ತಗೋತಾರೆ? ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದಾದರೆ ಅವೂ ನಾಡಿ ನಿಧಾನ ಮಾಡುತ್ತವೆ. ಚೀಟಿ ನೋಡಿ ಇಲ್ಲೇ ಬರೆಯಿರಿ.