ಅಜ್ಜನ ಟ್ರಂಕಿನಲ್ಲಿ ಸಿಕ್ಕ ಏಪ್ರನ್: ಫ್ರೀಮೇಸನ್ ಸೇರುವುದು ಹೇಗೆ?

ಉಣಕಲ್ ದಂಡೆ:
ನಮಸ್ಕಾರ. ನಾನು ಹುಬ್ಬಳ್ಳಿಯವನು, ವಯಸ್ಸು 34. ಈ ಸಲ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ಕಬ್ಬಿಣದ ಟ್ರಂಕು ಕೆಳಗಿಳಿಸಿದೆವು. ಅಜ್ಜ ಮುಂಬೈಯಲ್ಲಿ ರೈಲ್ವೆ ನೌಕರಿ ಮುಗಿಸಿ ಊರಿಗೆ ಬಂದವರು. ಹಳೇ ಧೋತರಗಳ ಕೆಳಗೆ ಒಂದು ಚರ್ಮದ ಏಪ್ರನ್ ಇತ್ತು. ಬಿಳಿ ಚರ್ಮ ಈಗ ಕೆನೆಯ ಬಣ್ಣಕ್ಕೆ ತಿರುಗಿದೆ. ಅಂಚಿಗೆ ತಿಳಿ ನೀಲಿ ಪಟ್ಟಿ, ಅದೇ ಬಟ್ಟೆಯ ಮೂರು ಹೂ, ಎರಡೂ ಬದಿಗೆ ಬೆಳ್ಳಿ ಬಣ್ಣದ ಸಣ್ಣ ಸರಪಳಿಗಳ ಗೊಂಚಲು. "ಅಪ್ಪ ತಿಂಗಳಿಗೊಮ್ಮೆ ಕರಿ ಸೂಟು ಹಾಕಿಕೊಂಡು ಲಾಡ್ಜಿಗೆ ಹೋಗುತ್ತಿದ್ದರು" ಎಂದರು ಅವ್ವ. ಅವರಿಗೆ ಗೊತ್ತಿರುವುದು ಅಷ್ಟೇ.

ಲಾಡ್ಜ್ ಅಂದರೆ ಹೋಟೆಲ್ ಅಲ್ಲ, ಫ್ರೀಮೇಸನ್ ಎಂಬ ಹಳೇ ಸೋದರ ಸಂಘದ ಸ್ಥಳೀಯ ಘಟಕ ಎಂದು ಆಮೇಲೆ ತಿಳಿಯಿತು. ನನಗೂ ಸೇರುವ ಮನಸ್ಸಾಯಿತು. ಇಂಟರ್ನೆಟ್‌ನಲ್ಲಿ ಹುಡುಕುವಾಗ ಒಬ್ಬ ವಾಟ್ಸಾಪಿಗೆ ಬಂದ. ಸದಸ್ಯತ್ವಕ್ಕೆ 3,000 ರೂಪಾಯಿ ಕೇಳಿದ, ಕಳಿಸಿದೆ. ಮರುದಿನ "ಉಂಗುರ ಬರಬೇಕಾದರೆ ಇನ್ನೂ 8,000" ಅಂದ. ಅಲ್ಲಿಗೆ ಬಿಟ್ಟೆ. ನಿಜವಾದ ದಾರಿ ಯಾವುದು? ನಮ್ಮ ಕಡೆ ಇದರ ಇತಿಹಾಸ ಏನು?

ಸಾಧನಕೇರಿ ಹಿರಿಯ:
ತಮ್ಮಾ, ಆ ಏಪ್ರನ್ನಿನ ಬಗ್ಗೆ ಓದಿ ಬಹಳ ಹೊತ್ತು ಸುಮ್ನೆ ಕೂತೆ. ಮೂರು ಹೂ ಅಂದರೆ ನಿನ್ನ ಅಜ್ಜ ಮಾಸ್ಟರ್ ಮೇಸನ್, ಅಂದರೆ ಮೂರನೇ ಮೆಟ್ಟಿಲಿನ ಸದಸ್ಯ ಆಗಿದ್ದರು. ಹೊಸದಾಗಿ ಸೇರಿದವನದು ಬರೀ ಬಿಳಿ ಏಪ್ರನ್. ಎರಡನೇ ಮೆಟ್ಟಿಲಿಗೆ ಎರಡು ಹೂ, ಮೂರನೆಯದಕ್ಕೆ ಮೂರು. ಆ ಗೊಂಚಲಿನ ಸರಪಳಿ ಎಣಿಸಿ ನೋಡು, ಒಂದೊಂದು ಬದಿಗೆ ಏಳು ಇರಬೇಕು.

ಮೊದಲು ದುಡ್ಡಿನ ಮಾತು. ಯಾವ ನಿಜವಾದ ಲಾಡ್ಜೂ ವಾಟ್ಸಾಪಿನಲ್ಲಿ ಸದಸ್ಯತ್ವ ಮಾರುವುದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಆ ನಂಬರಿನ ಮೇಲೆ ದೂರು ಕೊಡು, ತಡ ಮಾಡಬೇಡ.

ಇನ್ನು ಇತಿಹಾಸ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಮೇಲಿನ ಸಂಸ್ಥೆ ಮಾಡಿಕೊಂಡವು. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು. ನಮ್ಮ ಧಾರವಾಡ ಜಿಲ್ಲೆ 1956ರ ತನಕ ಮುಂಬೈ ಆಡಳಿತದಲ್ಲಿತ್ತಲ್ವಾ, ಹಾಗಾಗಿ ಮುಂಬೈ ಕಥೆ ನಮ್ಮದೂ ಹೌದು. ಅಲ್ಲಿ ಶುರುವಿನಲ್ಲಿ ಬಿಳಿಯರದೇ ಲಾಡ್ಜು. ಮಾಣೆಕ್‌ಜೀ ಕರ್ಸೆಟ್‌ಜೀ ಎಂಬ ಪಾರ್ಸಿ ಗೃಹಸ್ಥರು ಸೇರಲು ಕೇಳಿದರೆ ಬಾಗಿಲು ಹಾಕಿದರು. ಅವರು ಪ್ಯಾರಿಸ್ಸಿಗೆ ಹೋಗಿ ಅಲ್ಲಿ ಮೇಸನ್ ಆಗಿ ಬಂದರು! ಕೊನೆಗೆ 1843ರಲ್ಲಿ ಭಾರತೀಯರಿಗೂ ಜಾಗ ಕೊಡುವ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜ್ ಮುಂಬೈಯಲ್ಲಿ ಹುಟ್ಟಿತು. ಎಲ್ಲರೂ ಅಣ್ಣತಮ್ಮಂದಿರು ಎನ್ನುವ ಸಂಘದಲ್ಲೇ ಬಣ್ಣ ನೋಡಿ ತಡೆದರು ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ. ಸೇರುವವರು ಇದನ್ನು ತಿಳಿದೇ ಸೇರಬೇಕು. ಕಲ್ಕತ್ತೆಯಲ್ಲಿ ಹಿಂದೂಗಳಿಗೆ ದಾರಿ ಆದದ್ದು 1872ರಲ್ಲಿ, ಪ್ರಸನ್ನಕುಮಾರ ದತ್ತರು ವರ್ಷಗಟ್ಟಲೆ ಹೋರಾಡಿದ ಮೇಲೆ. ಅದೇ ಕಲ್ಕತ್ತೆಯಲ್ಲಿ 1884ರಲ್ಲಿ ನರೇಂದ್ರನಾಥ ದತ್ತ ಎಂಬ ತರುಣ ಸೇರಿದ. ಮುಂದೆ ಸ್ವಾಮಿ ವಿವೇಕಾನಂದರಾದವರು.

ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆದದ್ದು 1961ರ ನವೆಂಬರ್ 24ರಂದು, ದೆಹಲಿಯಲ್ಲಿ. ಅದಕ್ಕೆ ಮುಂಚೆ ಇಲ್ಲಿಯ ಲಾಡ್ಜುಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಕೈಕೆಳಗಿದ್ದವು. ನಿನ್ನ ಅಜ್ಜನ ಏಪ್ರನ್ ಬಹುಶಃ ಇಂಗ್ಲೆಂಡಿನ ಪದ್ಧತಿಯದು, ತಿಳಿ ನೀಲಿ ಅವರ ಬಣ್ಣ. ಮುಂಬೈಗೆ ಹೋದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಹತ್ತಿರ 1897ರ ಫ್ರೀಮೇಸನ್ಸ್ ಹಾಲ್ ಇದೆ, ನೋಡಿ ಬಾ. ಅಜ್ಜ ಆ ಮೆಟ್ಟಿಲು ಹತ್ತಿರಬಹುದು.

ಸೇರಲು ನೀನೇ ಕೇಳಬೇಕು, ಯಾರೂ ಕರೆಯುವುದಿಲ್ಲ. 21 ವರ್ಷ ತುಂಬಿರಬೇಕು, ದೇವರ ಮೇಲೆ ನಂಬಿಕೆ ಇರಬೇಕು. ಯಾವ ದೇವರು ಅಂತ ಕೇಳುವುದಿಲ್ಲ. ಮೇಜಿನ ಮೇಲೆ ಗೀತೆ, ಕುರಾನ್, ಬೈಬಲ್ ಎಲ್ಲ ಇರುತ್ತವೆ, ನಿನ್ನ ಗ್ರಂಥದ ಮೇಲೆ ನೀನು ಪ್ರಮಾಣ ಮಾಡುತ್ತಿ. ಒಳಗೆ ರಾಜಕೀಯ, ಧರ್ಮದ ಜಗಳಕ್ಕೆ ಜಾಗವಿಲ್ಲ. ಒಬ್ಬ ಸದಸ್ಯ ನಿನ್ನ ಹೆಸರು ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು. ಆಮೇಲೆ ಗುಟ್ಟಾಗಿ ಗೋಲಿ ಹಾಕಿ ಮತದಾನ. ಬಿಳಿ ಗೋಲಿ ಹೌದು, ಕಪ್ಪು ಬೇಡ.

ನನ್ನ ಸಲ ಇಬ್ಬರು ಮನೆಗೆ ಬಂದರು. ಮನೆಯವಳು ಗಿರಮಿಟ್ಟು, ಚಹಾ ಕೊಟ್ಟಳು. ನನ್ನನ್ನು ಎರಡು ಮಾತು ಕೇಳಿ, ಅವಳ ಕಡೆ ತಿರುಗಿ, "ಇದು ನಿಮಗೆ ಒಪ್ಪಿಗೆಯಾ? ತಿಂಗಳಿಗೊಂದು ಸಂಜೆ ಇವರು ಮನೆಯಲ್ಲಿರುವುದಿಲ್ಲ, ಖರ್ಚೂ ಇದೆ" ಎಂದರು. ಅವಳು ಒಂದು ವಾರ ಸಮಯ ಕೇಳಿದಳು. ಅವರು ಒಂದು ವಾರ ಕಾದರು. ನಾನು ಬ್ಯಾಂಕಿನಲ್ಲಿ ಕ್ಲಾರ್ಕು. ಲಾಡ್ಜಿನಲ್ಲಿ ನನ್ನ ಪಕ್ಕದ ಕುರ್ಚಿಯವರು ದೊಡ್ಡ ಸರ್ಜನ್. ಮೊದಲ ದಿನವೇ ಅವರು ಎದ್ದು ನಿಂತು "ಬ್ರದರ್" ಎಂದು ಕೈ ಕೊಟ್ಟರು. ಆ ಕೈಯ ಬಿಸಿ ಇನ್ನೂ ನೆನಪಿದೆ.

ಗದಗಿನ ಮಗಳು:
ನಮ್ಮ ಅಪ್ಪನೂ ಮೇಸನ್ ಆಗಿದ್ದರು. ಅವರು ತೀರಿಕೊಂಡ ಮೂರನೇ ದಿನ ಲಾಡ್ಜಿನವರು ನಾಲ್ವರು ಬಂದರು. ನನ್ನ ಕಾಲೇಜು ಫೀ ಎಷ್ಟು ಬಾಕಿ ಅಂತ ಅವ್ವನನ್ನು ಮೆಲ್ಲಗೆ ಕೇಳಿ ಹೋದರು. ಆ ವರ್ಷ ಫೀ ಕಟ್ಟಿದ್ದು ಅವರೇ, ಯಾರ ಮುಂದೂ ಹೇಳಲಿಲ್ಲ. ಹಾಗಂತ ನನ್ನ ತಕರಾರು ಹೇಳದೆ ಇರಲಾರೆ. ಹೆಂಗಸರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ? ಗಂಡು ಹೆಣ್ಣು ಇಬ್ಬರಿಗೂ ಜಾಗವಿರುವ ಬೇರೆ ಶಾಖೆಯನ್ನು ಆನಿ ಬೆಸೆಂಟ್ ನೂರು ವರ್ಷಕ್ಕೂ ಹಿಂದೆಯೇ ಭಾರತಕ್ಕೆ ತಂದಿದ್ದರು.

ಸಾಧನಕೇರಿ ಹಿರಿಯ:
ತಂಗೀ, ನಿನ್ನ ಮಾತು ಸರಿ. ನಮ್ಮ ಗ್ರ್ಯಾಂಡ್ ಲಾಡ್ಜ್ ಆ ಶಾಖೆಯನ್ನು ಒಪ್ಪಿಕೊಂಡಿಲ್ಲ. ಒಪ್ಪಬೇಕಿತ್ತು ಅನ್ನುವುದು ನನ್ನ ಅನಿಸಿಕೆ.

ಉಣಕಲ್ ದಂಡೆ:
ಸರಪಳಿ ಎಣಿಸಿದೆ. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಆರು. ಒಂದು ಕಳಚಿ ಟ್ರಂಕಿನ ಮೂಲೆಯಲ್ಲಿ ಬಿದ್ದಿತ್ತು, ಅದೂ ಸಿಕ್ಕಿತು. 1930ಕ್ಕೂ ಫೋನ್ ಮಾಡಿದೆ. ಹೆಂಡತಿಗೆ ಈ ಮಾತುಕತೆ ಎಲ್ಲ ಓದಿ ಹೇಳಿದೆ. ಅವಳೂ ಒಂದು ವಾರ ಸಮಯ ಕೇಳಿದ್ದಾಳೆ.

ಸಾಧನಕೇರಿ ಹಿರಿಯ:
ಕೊಡು, ಅವಸರ ಇಲ್ಲ. ಅಲ್ಲಿಯ ತನಕ ಏಪ್ರನ್ ಒಗೆಯಬೇಡ, ಇಸ್ತ್ರಿ ಮಾಡಬೇಡ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡ, ಚರ್ಮಕ್ಕೆ ಬೂಸು ಹತ್ತುತ್ತದೆ. ಹಳೇ ಮೆತ್ತನೆಯ ಹತ್ತಿ ಧೋತರದಲ್ಲಿ ಮಡಚದೆ ಚಪ್ಪಟೆಯಾಗಿ ಇಡು. ಕಳಚಿದ ಸರಪಳಿಯನ್ನೂ ಅದರ ಜೊತೆಗೇ ಇಡು.